ಕಾರ್ಗಲ್‌ನ ‘ಕಾರ್’, ಯುರೋಪಿನ ‘ಕಾರ್’: ಸದ್ದು ಒಂದೇ ಆದರೆ ನೆಂಟರೇ?

‘ಸರ್ಕಾರಿ ಕಾರು ಕಾರ್ಗಲ್‌ಗೆ ಬಂತು.’ ಈ ಪುಟ್ಟ ವಾಕ್ಯದಲ್ಲಿ ‘ಕಾರ್’ ಮೂರು ಸಲ ಬಂದಿದೆ. ಮೂರಕ್ಕೂ ಮೂಲ ಬೇರೆ ಬೇರೆ. ಆದರೆ ಹೀಗೆ ಸದ್ದು ಹೋಲುವ ಪದಗಳನ್ನು ಪಟ್ಟಿ ಮಾಡಿ, ‘ಯುರೋಪಿನ ಭಾಷೆಗಳು ನಮ್ಮ ಭಾಷೆಯಿಂದಲೇ ಹುಟ್ಟಿದವು’ ಎನ್ನುವ ಫಾರ್ವರ್ಡ್‌ಗಳು ಆಗಾಗ ಬರುತ್ತವೆ. ನಂಬಬಹುದೇ?

ಮೂರು ‘ಕಾರ್’, ಮೂರು ಮೂಲ

ಸಾಗರ ತಾಲ್ಲೂಕಿನಲ್ಲಿ, ಜೋಗದ ಹತ್ತಿರ ಇರುವ ಕಾರ್ಗಲ್ ಹೆಸರನ್ನು ಬಿಡಿಸಿದರೆ ‘ಕಾರ್’ ಮತ್ತು ‘ಕಲ್’, ಅಂದರೆ ಕರಿಯ ಕಲ್ಲು. ಕಾರ್ಗತ್ತಲೆಯಲ್ಲಿ ಆದಂತೆ ಇಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಕಾರ್ಮುಗಿಲಿನಲ್ಲಿ ಇರುವುದೂ ಇದೇ ಪದ. ತಮಿಳು, ಮಲಯಾಳಂನಲ್ಲೂ ಮಳೆಮೋಡಕ್ಕೆ ‘ಕಾರ್’ ಸೇರುತ್ತದೆ. ತೆಲುಗಿನಲ್ಲಿ ಕಗ್ಗತ್ತಲೆಗೆ ‘ಕಾರುಚೀಕಟಿ’ ಎನ್ನುತ್ತಾರೆ. ಇದು ದ್ರಾವಿಡ ಪದ.

ಓಡಾಡುವ ಕಾರು ಇಂಗ್ಲಿಷಿನಿಂದ ಬಂದದ್ದು. ಅದರ ಹಿಂದೆ ಹಳೆಯ ಫ್ರೆಂಚ್, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಕಾರ್ರುಸ್’, ಅಂದರೆ ಗಾಡಿ. ಲ್ಯಾಟಿನ್ ಅದನ್ನು ಗಾಲ್ ಸೀಮೆಯ ಕೆಲ್ಟಿಕ್ ಜನರಿಂದ ಪಡೆಯಿತು. ‘ಕಾರ್ಗೋ’ ಕೂಡ ಇದೇ ಮನೆತನದ್ದು.

ಸರ್ಕಾರ ಪಾರಸಿ ಪದ: ‘ಸರ್’ ಎಂದರೆ ತಲೆ, ‘ಕಾರ್’ ಎಂದರೆ ಕೆಲಸ.

ಯುರೋಪಿನಲ್ಲೇ ಎಷ್ಟೊಂದು ಅರ್ಥ!

ಸ್ವರದ ಉದ್ದ-ಗಿಡ್ಡ ಬಿಟ್ಟರೆ ಇದೇ ಸದ್ದಿಗೆ ಸ್ವೀಡಿಷ್‌ನಲ್ಲಿ ತೊಟ್ಟಿ, ಹಂಗೇರಿಯನ್‌ನಲ್ಲಿ ತೋಳು, ಟರ್ಕಿಶ್‌ನಲ್ಲಿ ಹಿಮ ಎಂದು ಅರ್ಥ. ಜರ್ಮನ್ನರು ಗುಡ್ ಫ್ರೈಡೆಯನ್ನು ‘ಕಾರ್‌ಫ್ರೈಟಾಗ್’ ಎನ್ನುತ್ತಾರೆ. ಅಲ್ಲಿನ ‘ಕಾರ್’ ಎಂದರೆ ಶೋಕ. ಫ್ರೆಂಚ್‌ನಲ್ಲಂತೂ ಒಂದು ‘ಕಾರ್’ ಎಂದರೆ ‘ಏಕೆಂದರೆ’, ಇನ್ನೊಂದು ಎಂದರೆ ಬಸ್ಸು. ಮೊದಲನೆಯದು ಲ್ಯಾಟಿನ್ನಿನ ‘ಕ್ವಾರೆ’ಯಿಂದ, ಎರಡನೆಯದು ಇಂಗ್ಲಿಷಿನಿಂದ ಬಂದದ್ದು.

ಅರ್ಥವೂ ಹೊಂದಿದರೆ?

ಇಲ್ಲೇ ಮೋಸ ಹೋಗುವುದು. ಹಂಗೇರಿಯನ್‌ನ ತೋಳಿಗೂ ಸಂಸ್ಕೃತದ ‘ಕರ’ಕ್ಕೂ (ಕೈ), ಟರ್ಕಿಶ್‌ನ ‘ಕರಾ’ಕ್ಕೂ (ಕಪ್ಪು) ನಮ್ಮ ‘ಕರಿ’ಗೂ ಅರ್ಥ ಹತ್ತಿರವೇ. ಆದರೂ ಆ ಭಾಷೆಗಳ ಕುಟುಂಬಗಳೇ ಬೇರೆ. ಮನುಷ್ಯನ ಬಾಯಿಗೆ ಬರುವ ಸದ್ದುಗಳು ಕೆಲವೇ, ಪ್ರತಿ ಭಾಷೆಯಲ್ಲಿ ಪದಗಳು ಸಾವಿರಾರು. ಹಾಗಾಗಿ ಕೆಲವು ಜೋಡಿಗಳು ಆಕಸ್ಮಿಕವಾಗಿ ಹೊಂದಿಯೇ ಹೊಂದುತ್ತವೆ.

ನಿಜವಾದ ನೆಂಟಸ್ತಿಕೆಗೆ ಒಂದೆರಡು ಜೋಡಿ ಸಾಲದು, ಕ್ರಮಬದ್ಧ ಬದಲಾವಣೆ ಬೇಕು. ತಮಿಳಿನ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂ. ‘ಪ’ ಇದ್ದಲ್ಲಿ ‘ಹ’ ಸಾಲುಸಾಲಾಗಿ ಸಿಗುತ್ತದೆ. ಇಂಥ ಹೋಲಿಕೆಗಳ ಜೊತೆಗೆ ವ್ಯಾಕರಣವನ್ನೂ ಇಟ್ಟು ನೋಡಿ, ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದರು.

ಫಾರ್ವರ್ಡ್ ಮಾಡುವ ಮುನ್ನ

ಪದದ ಹಳೆಯ ರೂಪ ಕೊಟ್ಟಿದ್ದಾರೆಯೇ? ಸೋದರ ಭಾಷೆಗಳಲ್ಲಿ ಅದು ಹೇಗಿದೆ? ಅದೇ ಬದಲಾವಣೆ ಬೇರೆ ಪದಗಳಲ್ಲೂ ಇದೆಯೇ? ಇವಕ್ಕೆ ಉತ್ತರವಿಲ್ಲದ ಪಟ್ಟಿ ಎಷ್ಟೇ ಉದ್ದವಿದ್ದರೂ ಪುರಾವೆಯಲ್ಲ. ಕನ್ನಡದ ಹಿರಿಮೆಗೆ ಇಂಥ ಪಟ್ಟಿಗಳ ಆಸರೆ ಬೇಕಾಗಿಯೂ ಇಲ್ಲ.