ಮಾತಾಯಿತು, ಮನೆಯಾಗಲಿಲ್ಲ

ಕ್ರಯದ ಮಾತು ಕುದುರಿತು. ಜಗಲಿಯಲ್ಲಿ ಎಲೆ-ಅಡಿಕೆಯ ಹರಿವಾಣ ಸುತ್ತಿ ಬಂದಿತು. ಪುತ್ತೂರಿನ ಬಾಡಿಗೆ ಮನೆಯಲ್ಲಿ ವರ್ಷಗಳನ್ನು ಕಳೆದ ಶಿಕ್ಷಕ ದಂಪತಿಗಳು ಕಾಣಿಯೂರಿನ ಕಡೆ ಹತ್ತು ಸೆಂಟ್ಸ್ ಜಾಗದಲ್ಲಿರುವ ಹೆಂಚಿನ ಮನೆಯನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ಹಿಂದಿರುಗುವ ದಾರಿಯಲ್ಲಿ ವೃದ್ಧೆಯಾದ ತಾಯಿ, "ಇನ್ನು ಮನೆ ನಮ್ಮದಾಯಿತಲ್ಲವೇ, ಮಗಾ?" ಎಂದು ಕೇಳಿದಳು. ಮಗನಿಗಿಂತ ಮೊದಲು ಸೊಸೆ ಉತ್ತರಿಸಿದಳು: "ಮಾತಾಯಿತು, ಅತ್ತೆ, ಮನೆ ಇನ್ನೂ ಆಗಲಿಲ್ಲ."

ಈ ಕುಟುಂಬ ಕಲ್ಪನೆಯದು. ಸೊಸೆಯ ಮಾತು ಮಾತ್ರ ಕಾನೂನಿನದೇ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಕ್ರಯದ ಕರಾರು ಕೊಳ್ಳುವವನಿಗೆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ತಾನಾಗಿ ಕೊಡುವುದಿಲ್ಲ. ಹಕ್ಕು ಬರುವುದು ಕ್ರಯಪತ್ರ ನೋಂದಣಿಯಾದಾಗ. ಮುಂಗಡ ಕೊಟ್ಟ ದಿನಕ್ಕೂ ನೋಂದಣಿಯ ದಿನಕ್ಕೂ ನಡುವಿನ ಕೆಲವು ವಾರಗಳೇ ಕೊಳ್ಳುವವನ ಬಲ. ಅದನ್ನು ಗೃಹಪ್ರವೇಶದ ಮುಹೂರ್ತ ಹುಡುಕುವುದರಲ್ಲಿ ಕಳೆದವನು ಮುಂದೆ ಕಚೇರಿಗಳ ಮೆಟ್ಟಿಲು ಸವೆಸಬೇಕಾದೀತು.

ಮೊದಲ ಕೆಲಸ ಕರಾರುಪತ್ರ. ಕ್ರಯವೆಷ್ಟು, ಮುಂಗಡವೆಷ್ಟು, ನೋಂದಣಿಗೆ ಗಡುವೆಂದು, ದಾಖಲೆಯಲ್ಲಿ ದೋಷ ಕಂಡರೆ ಮುಂಗಡ ಹಿಂದಿರುಗುವುದು ಹೇಗೆ ಎಂಬಿಷ್ಟನ್ನೂ ಅದರಲ್ಲಿ ಬರೆಯಿಸಬೇಕು. ಹಣವು ಬ್ಯಾಂಕಿನ ಮೂಲಕವೇ ಸಂದಾಯವಾಗಬೇಕು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರಿಂದ ನಿಷೇಧಿಸಿದೆ.

ಎರಡನೆಯದು ದಾಖಲೆಗಳ ಪರಿಶೋಧನೆ. ಮೂಲ ಕ್ರಯಪತ್ರ, ವಿಭಾಗಪತ್ರ, ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಗ್ರಾಮ ಪಂಚಾಯತಿನ ಇ-ಸ್ವತ್ತು ಖಾತೆ, ಇವನ್ನು ನುರಿತ ವಕೀಲರ ಮುಂದಿಡಬೇಕು. ಸಾಲ ಕೊಡುವ ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ಕೊಳ್ಳುವವನ ಹಿತವನ್ನು ನೋಡಲು ಅವನದೇ ವಕೀಲರು ಬೇಕು. ಪಹಣಿಯ 11ನೆಯ ಕಲಮಿನಲ್ಲಿ ಕೃಷಿ ಸಹಕಾರ ಸಂಘದ ಸಾಲ ನಮೂದಾಗಿದ್ದರೆ ಅದು ತೀರುವವರೆಗೆ ಮುಂದುವರಿಯಬಾರದು. ಜಾಗವು ಸರಕಾರದಿಂದ ಮಂಜೂರಾದುದಾಗಿದ್ದರೆ ಪರಭಾರೆಗೆ ನಿರ್ಬಂಧವುಂಟೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕುಟುಂಬದ ಆಸ್ತಿಯಾದರೆ ಯಜಮಾನನೊಬ್ಬನ ಸಹಿ ಸಾಲದು. ಅಳಿಯಸಂತಾನ ಕಟ್ಟು ನಡೆದುಬಂದ ಈ ಸೀಮೆಯಲ್ಲಿ ಹಳೆಯ ವಿಭಾಗಪತ್ರವನ್ನು ಬಲ್ಲವರಿಂದಲೇ ಓದಿಸಿ, ಹಕ್ಕುಳ್ಳ ಹೆಣ್ಣುಮಕ್ಕಳೆಲ್ಲರ ಒಪ್ಪಿಗೆಯನ್ನೂ ಪಡೆಯತಕ್ಕದ್ದು.

ಕಡಬ ತಾಲೂಕು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಅಲ್ಲಿನ ಹಳೆಯ ಪತ್ರಗಳಲ್ಲಿ ಪುತ್ತೂರು ಅಥವಾ ಸುಳ್ಯ ತಾಲೂಕೆಂದು ಇರುವುದು ಸಹಜ. ಅದಕ್ಕೆ ಗಾಬರಿ ಬೇಡ. ಆದರೆ ಗ್ರಾಮ, ಸರ್ವೆ ನಂಬ್ರ, ಹಿಸ್ಸೆ, ಚಕ್ಕುಬಂದಿ ಇವು ಹಳೆಯ ಪತ್ರಕ್ಕೂ ಈಗಿನ ಪಹಣಿಗೂ ಹೊಂದಲೇಬೇಕು.

ಮೂರನೆಯದು ಅಳತೆ. ಈ ಮೂರು ತಾಲೂಕುಗಳಲ್ಲಿ ಇದರಷ್ಟು ಮುಖ್ಯವಾದುದು ಇನ್ನೊಂದಿಲ್ಲ; ಕಾರಣ, ಇಲ್ಲಿನ ಕುಮ್ಕಿ. ಹಿಂದಿನ ಕೆನರಾ ಜಿಲ್ಲೆಯ ವಾಡಿಕೆಯಂತೆ ಕದೀಂ ವರ್ಗ ಜಮೀನಿನ ಸುತ್ತ 100 ಗಜಗಳೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಸವಲತ್ತು ವರ್ಗದಾರನಿಗುಂಟು. ಸವಲತ್ತು ಅವನದು, ಭೂಮಿ ಸರಕಾರದ್ದು. ತಲೆಮಾರುಗಳಿಂದ ಬೇಲಿಯೊಳಗೇ ಇದ್ದುದರಿಂದ ಮಾರುವವರು ಅದನ್ನು ತಮ್ಮದೆಂದೇ ನಂಬಿರುತ್ತಾರೆ. ಅವರ ನಂಬಿಕೆ ಪ್ರಾಮಾಣಿಕವಾದ ಮಾತ್ರಕ್ಕೆ ಕುಮ್ಕಿ ಕ್ರಯಕ್ಕೆ ಒಳಪಡಲಾರದು.

ಕಾಣಿಯೂರಿನ ಆ ಹಿತ್ತಿಲಲ್ಲಿ ಸರ್ವೆಯವರು ಸರಪಳಿ ಎಳೆದರು. ಮನೆ ಹತ್ತು ಸೆಂಟ್ಸಿನ ಒಳಗೇ ಇತ್ತು. ಮೇ ತಿಂಗಳಲ್ಲೂ ಬತ್ತದೆಂದು ಮಾರುವವರು ಕೊಂಡಾಡಿದ ಬಾವಿ ಮಾತ್ರ ನಾಲ್ಕು ಹೆಜ್ಜೆ ಆಚೆ, ಕುಮ್ಕಿಯಲ್ಲಿತ್ತು. ಮಾರುವ ಹಿರಿಯರ ಮುಖ ಬಾಡಿತು. "ಅಪ್ಪ ತೋಡಿಸಿದ ಬಾವಿ ಮಾರಾಯ್ರೇ, ನನಗೂ ತಿಳಿದಿರಲಿಲ್ಲ" ಎಂದರು. ಕರಾರಿನಲ್ಲಿ ಷರತ್ತು ಇದ್ದುದರಿಂದ ಜಗಳವಾಗಲಿಲ್ಲ. ಹೊಸ ಬಾವಿ ತೋಡಿಸುವ ಖರ್ಚಿನಷ್ಟು ಕ್ರಯ ಇಳಿಯಿತು.

ಇನ್ನುಳಿದುದು ವೆಚ್ಚದ ಲೆಕ್ಕ. ಕ್ರಯದ ಹಣವೊಂದನ್ನೇ ಕೂಡಿಟ್ಟವರು ಕೊನೆಗೆ ಕೈಸಾಲಕ್ಕೆ ಓಡುತ್ತಾರೆ. ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್ಸಿನ ಜೊತೆಗೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿದೆ. ಕ್ರಯ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಶೇಕಡಾ 1ನ್ನು ಕೊಳ್ಳುವವರೇ ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು.

ನೋಂದಣಿಯಾದ ಮೇಲೂ ಖಾತೆ ಬದಲಾವಣೆ, ಮನೆ ತೆರಿಗೆ, ಮೆಸ್ಕಾಂ ಮೀಟರಿನ ಹೆಸರು, ಮೂಲಪತ್ರಗಳ ವಶ ಇವಿಷ್ಟೂ ಮುಗಿಯಬೇಕು. ಹಾಲು ಉಕ್ಕಿಸುವುದು ಒಂದು ತಿಂಗಳು ತಡವಾದರೆ ನಷ್ಟವಿಲ್ಲ.

ಹೊಸ ಖಾತೆಯ ಕಾಗದ ಕೈಗೆ ಬಂದ ಸಂಜೆ ತಾಯಿ ಏನನ್ನೂ ಕೇಳಲಿಲ್ಲ. ಸೊಸೆಯೇ ಅದನ್ನು ದೇವರ ದೀಪದ ಬಳಿಯಿಟ್ಟು ಹೇಳಿದಳು: "ಈಗ ಆಯಿತು, ಅತ್ತೆ."