ಹೆತ್ತವರ ವಿಮಾನಯಾನ: ಇಹ್ಸಾನೋ, ಇಸ್ರಾಫೋ?

ರೋಣ, ನರಗುಂದ, ಗಜೇಂದ್ರಗಡದ ಮುಸ್ಲಿಮ್ ಮನೆಗಳಲ್ಲಿ ಸಾಗರದಾಚೆಯ ಪ್ರಯಾಣವೆಂದರೆ ಬಹುಕಾಲ ಹಜ್ಜ್ ಯಾತ್ರೆಯೊಂದೇ ಆಗಿತ್ತು. ಬಳಿಕ ಕೊಲ್ಲಿ ರಾಷ್ಟ್ರಗಳ ದುಡಿಮೆ ಅದಕ್ಕೆ ಜೊತೆಗೂಡಿತು. ಇಂದು ಇಂತಹ ಊರುಗಳ ಕೆಲವು ಮಕ್ಕಳು ಓದಿ, ದುಡಿದು, ಅಮೆರಿಕ ಮತ್ತು ಕೆನಡಾಗಳಲ್ಲಿ ನೆಲೆ ಕಂಡುಕೊಂಡಿದ್ದಾರೆ. ಅವರು ಹೆತ್ತವರನ್ನು ಕರೆಸಿಕೊಳ್ಳಲು ಹೊರಟಾಗ ನಮ್ಮ ಹಿರಿಯರು ಕೇಳದ ಹೊಸ ಪ್ರಶ್ನೆಯೊಂದು ಎದುರಾಗುತ್ತದೆ. ಅಟ್ಲಾಂಟಿಕ್ ದಾಟುವ ಈ ದೀರ್ಘ ಪ್ರಯಾಣಕ್ಕೆ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಳ್ಳಬೇಕೇ? ಕೊಳ್ಳುವುದಾದರೆ ಯಾವ ವಿಮಾನದ್ದು?

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಇಷ್ಟೊಂದು ಹಣವನ್ನು ಒಂದು ದಿನದ ಕುರ್ಚಿಗೆ ಸುರಿಯುವುದು ಶುದ್ಧ ಇಸ್ರಾಫ್ ಎಂಬುದು ಮೊದಲನೆಯದು. ತಾಯಿ-ತಂದೆಯ ಮೇಲೆ ಮಾಡಿದ ಯಾವ ಖರ್ಚೂ ಹೆಚ್ಚಲ್ಲ ಎಂಬುದು ಎರಡನೆಯದು. ಎರಡೂ ಅವಸರದ ಉತ್ತರಗಳೆಂದು ನಾವು ಭಾವಿಸುತ್ತೇವೆ. ಪವಿತ್ರ ಕುರ್‌ಆನ್ ಖರ್ಚಿನ ವಿಷಯದಲ್ಲಿ ದುಂದನ್ನೂ ಜಿಪುಣತನವನ್ನೂ ಒಟ್ಟಿಗೇ ನಿರಾಕರಿಸಿ ನಡುವಿನ ದಾರಿಯನ್ನು ತೋರುತ್ತದೆ. ವೃದ್ಧರಾದ ಹೆತ್ತವರೊಂದಿಗೆ ಅತ್ಯುತ್ತಮವಾಗಿ ವರ್ತಿಸಬೇಕೆಂದೂ ಆದೇಶಿಸುತ್ತದೆ. ಆದ್ದರಿಂದ ಟಿಕೆಟಿನ ಬೆಲೆಯೊಂದೇ ಇಸ್ರಾಫನ್ನು ತೀರ್ಮಾನಿಸಲಾರದು. ಆ ಹಣ ಯಾರ ಯಾವ ಅಗತ್ಯವನ್ನು ನೀಗಿಸುತ್ತದೆ ಎಂಬುದನ್ನು ನೋಡಬೇಕು.

ಮೊದಲು ದೇಹದ ಅಗತ್ಯವನ್ನು ನೋಡೋಣ. ಗಜೇಂದ್ರಗಡದಲ್ಲಿ ಹತ್ತಾರು ವರ್ಷ ಮಗ್ಗದ ಮುಂದೆ ಕುಳಿತು ಸೊಂಟ ಸವೆಸಿದ ತಂದೆಯನ್ನೂ, ನರಗುಂದದ ಎರೆಹೊಲದಲ್ಲಿ ಕಳೆ ಕೀಳುತ್ತಾ ಮೊಣಕಾಲು ಸವೆಸಿದ ತಾಯಿಯನ್ನೂ ಕಲ್ಪಿಸಿಕೊಳ್ಳಿ. ದುಬೈಯಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆಗಳ ಹಾರಾಟ. ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತವರಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ತಿಳಿಸಿದೆ. ಈ ಅಪಾಯ ಬಿಸಿನೆಸ್ ಕ್ಲಾಸಿನಲ್ಲಿ ತಾನಾಗಿಯೇ ಮಾಯವಾಗದು. ಅಲ್ಲಿಯೂ ಎದ್ದು ನಡೆದಾಡಲೇಬೇಕು. ಆದರೆ ಕಾಲು ಚಾಚಿ ಮಲಗಲು, ಪಕ್ಕದವರನ್ನು ಎಬ್ಬಿಸದೆ ಏಳಲು ಅಲ್ಲಿ ಸಾಧ್ಯ. ಇಂತಹ ಹಿರಿಯರಿಗೆ ಆ ಹಾಸಿಗೆ ವೈಭವವಲ್ಲ, ಆಸರೆ. ಅದೇ ಹಾಸಿಗೆ ಮೂವತ್ತರ ಹರೆಯದ ಆರೋಗ್ಯವಂತ ಮಗನಿಗೆ ಬಹುಪಾಲು ಪ್ರತಿಷ್ಠೆಯೇ ಆಗಿರುತ್ತದೆ. ಕಂಪನಿಯ ಹಣದಲ್ಲಿ ತಾವು ಮಲಗಿಕೊಂಡು ಹಾರುವವರು, ಹೆತ್ತವರಿಗೆ ಟಿಕೆಟ್ ಕೊಳ್ಳುವಾಗ ಮಾತ್ರ ಮಿತವ್ಯಯದ ಹದೀಸ್‌ಗಳನ್ನು ನೆನಪಿಸಿಕೊಳ್ಳುವುದು ನ್ಯಾಯವಲ್ಲ.

ಇನ್ನು ಹೋಲಿಕೆಯ ವಿಚಾರ. ಅಂತರ್ಜಾಲದ ವಿಮರ್ಶಕರು ಬಾಗಿಲುಳ್ಳ ಆಸನಗಳನ್ನು ಬಹಳವಾಗಿ ಹೊಗಳುತ್ತಾರೆ. ಖತರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸೂಟ್, ಬ್ರಿಟಿಷ್ ಏರ್‌ವೇಸ್ 2019ರಲ್ಲಿ ತಂದ ಕ್ಲಬ್ ಸೂಟ್ ಇದೇ ಬಗೆಯವು. ಆದರೆ ಮೊದಲ ಬಾರಿಗೆ ವಿಮಾನವೇರುವ, ಇಂಗ್ಲಿಷ್ ಬಾರದ ತಾಯಿಗೆ ಮುಚ್ಚಿದ ಬಾಗಿಲಿನ ಒಂಟಿ ಆಸನ ಸುಖವಲ್ಲ, ಭಯ. ಆಕೆಗೆ ಬೇಕಾದುದು ಪಕ್ಕದಲ್ಲಿ ಪತಿ. ಆದ್ದರಿಂದ ಅಡ್ಡಸಾಲಿನಲ್ಲಿ ಒಂದು-ಎರಡು-ಒಂದು ಎಂದು ಆಸನಗಳಿರುವ ವಿಮಾನದಲ್ಲಿ ನಡುವಿನ ಜೋಡಿಯನ್ನೇ ಮೊದಲು ಕಾಯ್ದಿರಿಸಬೇಕು. ಎಮಿರೇಟ್ಸ್‌ನ ನವೀಕರಿಸದ ಬೋಯಿಂಗ್ 777ಗಳಲ್ಲಿ ಎರಡು-ಮೂರು-ಎರಡು ಎಂಬ ವ್ಯವಸ್ಥೆಯಿದೆ. ವಿಮರ್ಶಕರು ಅದನ್ನು ಹಳೆಯದೆಂದು ತಳ್ಳಿಹಾಕುತ್ತಾರೆ. ನಮ್ಮ ವೃದ್ಧ ದಂಪತಿಗೆ ಕಿಟಕಿಬದಿಯ ಆ ಜೋಡಿ ಆಸನವೇ ಹಿತವಾಗಬಹುದು.

ಮಾರ್ಗವನ್ನೂ ತೂಗಿ ನೋಡಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಲಂಡನ್ ಅಥವಾ ಪ್ಯಾರಿಸ್ ಮೂಲಕ ಹೋದರೆ ಪ್ರಯಾಣ ಹೆಚ್ಚುಕಡಿಮೆ ಎರಡು ಸಮಪಾಲಾಗುತ್ತದೆ. ದುಬೈ ಅಥವಾ ದೋಹಾ ಮೂಲಕ ಹೋದರೆ ಮೊದಲ ಪಾಲು ಸುಮಾರು ನಾಲ್ಕು ಗಂಟೆ, ಉಳಿದುದೆಲ್ಲ ಒಂದೇ ದೀರ್ಘ ಹಾರಾಟ. ಇಂತಹ ಮಾರ್ಗದಲ್ಲಿ ದೀರ್ಘ ಪಾಲಿಗೆ ಮಾತ್ರ ಬಿಸಿನೆಸ್ ಕ್ಲಾಸ್ ಸಿಗುವುದೇ ಎಂದು ಏಜೆಂಟರನ್ನು ಕೇಳಬಹುದು. ಅಬುಧಾಬಿ ಮಾರ್ಗಕ್ಕೆ ಇನ್ನೊಂದು ಅನುಕೂಲವಿದೆ. ಅಮೆರಿಕದ ವಲಸೆ ತಪಾಸಣೆ 2014ರಿಂದ ಆ ನಿಲ್ದಾಣದಲ್ಲಿಯೇ ನಡೆಯುತ್ತದೆ. ದಣಿದು ಇಳಿದ ಮೇಲೆ ಮತ್ತೆ ಉದ್ದನೆಯ ಸರದಿಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.

ಆಹಾರದ ವಿಷಯದಲ್ಲಿ ಕೊಲ್ಲಿಯ ಈ ಮೂರು ಪ್ರಮುಖ ಸಂಸ್ಥೆಗಳು ಹಲಾಲ್ ಊಟವನ್ನೇ ನೀಡುತ್ತವೆ. ಯುರೋಪಿನ ಸಂಸ್ಥೆಗಳಲ್ಲಿ ಮುಸ್ಲಿಮ್ ಊಟವನ್ನು ಕನಿಷ್ಠ 24 ಗಂಟೆ ಮುಂಚೆ ತಿಳಿಸಿ ಕಾಯ್ದಿರಿಸಬೇಕು. ಇದನ್ನು ಮರೆತರೆ, ಎಷ್ಟೇ ದುಬಾರಿ ಟಿಕೆಟ್ ಇದ್ದರೂ ತಾಯಿ ಬ್ರೆಡ್ಡು ಮತ್ತು ಹಣ್ಣಿನಲ್ಲಿಯೇ ದಿನ ಕಳೆಯಬೇಕಾದೀತು. ಮದ್ಯವನ್ನೇ ನೀಡದ ವಿಮಾನದಲ್ಲಿ ಹೋಗಲು ಬಯಸುವವರಿಗೆ ಸೌದಿಯಾ ಇದೆ. ಸೌದಿ ಅರೇಬಿಯವು ಜನವರಿ 2023ರಲ್ಲಿ ಆರಂಭಿಸಿದ ಸಾರಿಗೆ ವೀಸಾ ವ್ಯವಸ್ಥೆಯಲ್ಲಿ ಪ್ರಯಾಣಿಕರು 96 ಗಂಟೆಗಳವರೆಗೆ ಅಲ್ಲಿ ತಂಗಿ ಉಮ್ರಾ ನಿರ್ವಹಿಸಲು ಅವಕಾಶವಿದೆ. ಸಾಧಾರಣ ದರ್ಜೆಯ ಟಿಕೆಟಿನಲ್ಲಿ, ಮಗನ ಮನೆಯ ದಾರಿಯಲ್ಲಿಯೇ ಕಅಬಾದ ದರ್ಶನವಾಗುವುದಾದರೆ, ಅದನ್ನು ಯಾವ ಹಾಸಿಗೆಯೊಂದಿಗೆ ಹೋಲಿಸುವಿರಿ? ಹೆತ್ತವರನ್ನೇ ಕೇಳಿ ನೋಡಿ. ಹಲವರ ಉತ್ತರ ನಮಗೆ ಈಗಲೇ ತಿಳಿದಿದೆ. ಆದರೆ ಉಮ್ರಾಕ್ಕೂ ನಡೆಯುವ ಶಕ್ತಿ ಬೇಕು; ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣದ ಮಾತಿಗೆ ಬರೋಣ. ಬಿಸಿನೆಸ್ ಕ್ಲಾಸ್ ದರ ಸಾಮಾನ್ಯವಾಗಿ ಸಾಧಾರಣ ದರ್ಜೆಯ ಮೂರ್ನಾಲ್ಕು ಪಟ್ಟು. ಅದರ ಮೇಲಿನ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದ ಶೇ. 12ರಿಂದ ಶೇ. 18ಕ್ಕೇರಿದೆ, ಸಾಧಾರಣ ದರ್ಜೆಗೆ ಶೇ. 5 ಮಾತ್ರ. ಎರಡರ ನಡುವೆ ಪ್ರೀಮಿಯಂ ಎಕಾನಮಿ ಎಂಬ ದರ್ಜೆಯೂ ಹಲವು ಸಂಸ್ಥೆಗಳಲ್ಲಿದೆ. ಮಲಗಲಾಗದಿದ್ದರೂ ಕಾಲಿಗೆ ಹೆಚ್ಚು ಜಾಗ ಸಿಗುತ್ತದೆ. ಮಧ್ಯಮ ಆದಾಯದ ಮಕ್ಕಳಿಗೆ ಇದು ಗೌರವದ ಆಯ್ಕೆಯೇ ಸರಿ. ಗಾಲಿಕುರ್ಚಿಯ ನೆರವು, ಹಲಾಲ್ ಊಟ, ನಡೆದಾಡುವ ದಾರಿಯ ಬದಿಯ ಆಸನ ಇವಾವುದಕ್ಕೂ ದುಬಾರಿ ಟಿಕೆಟ್ ಬೇಕಾಗಿಲ್ಲ. ಮುಂಚಿತವಾಗಿ ಕೇಳುವ ಕಾಳಜಿ ಬೇಕು, ಅಷ್ಟೇ.

ಆದರೆ ಒಂದು ಗೆರೆಯನ್ನು ನಾವು ದಾಟಲಾಗದು. ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿಯ ಕಂತು ಕಟ್ಟಿ ಕೊಂಡ ಬಿಸಿನೆಸ್ ಕ್ಲಾಸ್ ಟಿಕೆಟ್ ಹೆತ್ತವರ ಸೇವೆಯಾಗದು. ಹಲಾಲ್ ಹಣದ ಇಕ್ಕಟ್ಟಿನ ಆಸನ ಬಡ್ಡಿಯ ಮೇಲಿನ ಹಾಸಿಗೆಗಿಂತ ಮೇಲು. ಹಾಗೆಯೇ ಝಕಾತ್ ಬಾಕಿಯಿರುವವರು, ಬಂಧುಗಳ ಸಾಲ ತೀರಿಸದವರು ಮೊದಲು ಆ ಋಣಗಳನ್ನು ಸಂದಾಯಿಸಲಿ. ಓಣಿಯ ಜನ ನೋಡಲೆಂದು ಬೋರ್ಡಿಂಗ್ ಪಾಸಿನ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಗಳಿಗೆಯಲ್ಲಿ ಇಹ್ಸಾನ್ ಪ್ರದರ್ಶನವಾಗಿ ಬದಲಾಗುತ್ತದೆ ಎಂಬುದನ್ನೂ ಮರೆಯದಿರೋಣ.

ಇನ್ನೊಂದು ಮಾತು. ಹೆತ್ತವರ ಪ್ರಯಾಣ ಬೆಂಗಳೂರಿನಲ್ಲಿ ಆರಂಭವಾಗುವುದಿಲ್ಲ. ಗಜೇಂದ್ರಗಡದಲ್ಲಾಗಲಿ ನರಗುಂದದಲ್ಲಾಗಲಿ ರೈಲು ನಿಲ್ದಾಣವಿಲ್ಲ. ಗದಗ ಅಥವಾ ಹುಬ್ಬಳ್ಳಿಯವರೆಗೆ ಬಸ್ಸೋ ಕಾರೋ, ಬಳಿಕ ರಾತ್ರಿಯ ರೈಲು ಅಥವಾ ಚಿಕ್ಕ ವಿಮಾನ. ಸಾಗರದ ಮೇಲೆ ಲಕ್ಷಗಟ್ಟಲೆ ಸುರಿದು, ಊರಿನಿಂದ ಬೆಂಗಳೂರಿಗೆ ಅವರನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿ ಕಳುಹಿಸಿದರೆ ಉಳಿಯುವುದೇನು? ಬೆಂಗಳೂರಿನಲ್ಲಿ ಒಂದು ದಿನದ ವಿಶ್ರಾಂತಿ ಸಿಗಲಿ. ಹುಬ್ಬಳ್ಳಿಯ ವಿಮಾನವನ್ನು ಬೇರೆ ಟಿಕೆಟಿನಲ್ಲಿ ಕಾಯ್ದಿರಿಸಿದ್ದರೆ ಈ ಬಿಡುವು ಇನ್ನೂ ಅಗತ್ಯ. ಅದು ತಡವಾಗಿ ಮುಂದಿನ ವಿಮಾನ ತಪ್ಪಿದರೆ ನಷ್ಟ ನಿಮ್ಮದೇ. ಸಾಧ್ಯವಾದರೆ ಮನೆಯ ಒಬ್ಬರು ಜೊತೆಗೆ ಹೋಗಲಿ. ಒಂಟಿಯಾಗಿ ಕಳುಹಿಸುವ ಎರಡು ಬಿಸಿನೆಸ್ ಟಿಕೆಟುಗಳಿಗಿಂತ ಮಗನೋ ಮಗಳೋ ಜೊತೆಗಿರುವ ಮೂರು ಸಾಧಾರಣ ಟಿಕೆಟುಗಳು ಎಷ್ಟೋ ಸಲ ಹೆಚ್ಚಿನ ಸೌಖ್ಯ ಕೊಟ್ಟಾವು, ಖರ್ಚೂ ಕಡಿಮೆಯಾದೀತು.

ಆಯ್ಕೆ ಮಾಡುವ ಮುನ್ನ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ಅವರ ದೇಹದ ಅಗತ್ಯವೇ, ನಮ್ಮ ಹೆಮ್ಮೆಯ ಅಗತ್ಯವೇ? ಈ ಹಣ ಶುದ್ಧವೇ, ಯಾರದಾದರೂ ಹಕ್ಕು ಅದರಲ್ಲಿ ಉಳಿದಿದೆಯೇ? ಈ ನಿರ್ಧಾರದಲ್ಲಿ ಅವರ ಅಭಿಪ್ರಾಯ ಕೇಳಿದ್ದೇವೆಯೇ? ಮೂರಕ್ಕೂ ಸಮಾಧಾನದ ಉತ್ತರ ದೊರೆತರೆ ನಿಶ್ಚಿಂತೆಯಿಂದ ಟಿಕೆಟ್ ಕೊಳ್ಳಿರಿ. ಬಾಲ್ಯದಲ್ಲಿ ನಮ್ಮನ್ನು ಹೆಗಲ ಮೇಲೆ ಹೊತ್ತು ಉರುಸಿಗೂ ಸಂತೆಗೂ ಕರೆದೊಯ್ದವರು ಅವರು. ಅವರ ಪ್ರಯಾಣವನ್ನು ಹಗುರಗೊಳಿಸುವ ಶಕ್ತಿಯನ್ನೂ, ಅದಕ್ಕೆ ಬೇಕಾದ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.