ಕಳುಹಿಸಿದ ಮಾತ್ರಕ್ಕೆ ತಲುಪಿದಂತಾಯಿತೇ?

ಕಂಪ್ಯೂಟರುಗಳ ನಡುವೆ ಫೈಲುಗಳನ್ನು ಸಾಗಿಸುವ ಎಫ್‌ಟಿಪಿ ನಿಯಮಾವಳಿಯ ಮೊದಲ ರೂಪವನ್ನು ಅಭಯ್ ಭೂಷಣ್ ಅವರು 1971ರಲ್ಲಿ ಪ್ರಕಟಿಸಿದರು. ಇಂದು ಇಂತಹ ಸಾಗಣೆಯನ್ನು ಸ್ಕ್ರಿಪ್ಟ್ ಎಂಬ ಆದೇಶಮಾಲೆಯು ಯಾರ ನೆರವೂ ಇಲ್ಲದೆ ನಡೆಸುತ್ತದೆ. ನಡುವೆ ಸಂಪರ್ಕ ಕಡಿದರೆ, ಅರೆಬರೆ ಫೈಲೂ ಪೂರ್ಣ ಫೈಲಿನ ಹೆಸರನ್ನೇ ಹೊತ್ತಿರಬಹುದು. ಅದನ್ನು ನಂಬಿ ಮೂಲವನ್ನು ಅಳಿಸಿದೆವಾದರೆ, ಗ್ರಹಣಕಾಲದ ಅಳತೆಗಳಂಥವನ್ನು ಮತ್ತೆ ಪಡೆಯುವುದೆಂತು?

ಆದುದರಿಂದ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸಬೇಕು. ಎರಡೂ ಕಡೆ ಎಸ್‌ಎಚ್‌ಎ-256 ವಿಧಾನದಿಂದ ಫೈಲಿನ ಗುರುತುಸಂಖ್ಯೆಯನ್ನು ಗಣಿಸಿ ಹೋಲಿಸಬೇಕು. ಅವು ಒಂದೇ ಆಗಿದ್ದರೆ ಮಾತ್ರ ನಿಜವಾದ ಹೆಸರನ್ನಿಡಬೇಕು. ಮೂಲವನ್ನು ಅಳಿಸುವುದು ಕಟ್ಟಕಡೆಯ ಕೆಲಸ. ಕೆಲಸ ಕೆಟ್ಟಾಗಲೂ ಸುಮ್ಮನಿರುವ ಸ್ಕ್ರಿಪ್ಟಿಗಿಂತ ಸ್ಕ್ರಿಪ್ಟೇ ಇಲ್ಲದಿರುವುದು ಮೇಲೆಂದು ನಮ್ಮ ಅಭಿಪ್ರಾಯ. ಅಳತೆಯನ್ನು ತಾಳೆ ನೋಡದೆ ಒಪ್ಪದ ನಾವು, ಅದರ ಸಾಗಣೆಯನ್ನು ಮಾತ್ರ ಬರಿಯ ನಂಬಿಕೆಗೆ ಬಿಡುವುದು ವಿಜ್ಞಾನವೆನಿಸದು.